ಸಂಘದಲ್ಲಿ ‘ಬೇರೆಯವರ ಮನೆ ಸುದ್ದಿ ಎತ್ತಿದರೆ 50 ರೂಪಾಯಿ ದಂಡ’: ಇಂಥ ನಿಯಮ ಬೇಕಾ?

ಗೊನೆಬಾಳೆ
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಈಗ ಹೊಸದೊಂದು ಚರ್ಚೆ ಎದ್ದಿದೆ. ವಾರದ ಸಭೆಯಲ್ಲಿ ಯಾರಾದ್ರೂ ಬೇರೆಯವರ ಮನೆ ಸುದ್ದಿ ಎತ್ತಿದ್ರೆ 50 ರೂಪಾಯಿ ದಂಡ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಬೇಕಂತೆ. ತಡವಾಗಿ ಬಂದ್ರೆ, ಹೇಳದೆ ಕೇಳದೆ ತಪ್ಪಿಸಿಕೊಂಡ್ರೆ ದಂಡ ಹಾಕೋದು ಎಲ್ಲ ಕಡೆ ಇದ್ದದ್ದೇ. ಮಾತಿಗೂ ದಂಡವಾ? ಅವರು ಕೊಡೋ ಕಾರಣ ಇದು: ಒಂದು ಗಂಟೇಲಿ ಮುಗಿಯಬೇಕಾದ ಸಭೆ ಎರಡು ಗಂಟೆ ಎಳೆಯುತ್ತೆ, ಅಲ್ಲಿ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿ ಗಂಡಂದಿರ ಕಿವಿಗೆ ಬೀಳುತ್ತೆ, ಮನೇಲಿ ರಂಪ. ಇದು ಸುಳ್ಳೇನಲ್ಲ. ಆದ್ರೂ ಈ ನಿಯಮ ಯಾಕೋ ಮನಸ್ಸಿಗೆ ಒಪ್ಪುತ್ತಿಲ್ಲ. ಸಂಘದ ಲೆಕ್ಕ ನೋಡೋರು, ಕಾನೂನು ತಿಳಿದೋರು ಸ್ವಲ್ಪ ಬಿಡಿಸಿ ಹೇಳಿ.

ಮಂಡ್ಯದ ಹೈದ
ಹಾಕ್ಲಿ ಬುಡಿ, ಒಳ್ಳೇದೇ ಆಯ್ತದೆ. ಹೆಂಗುಸ್ರು ನಾಕು ಜನ ಸೇರುದ್ರೆ ಊರ ಉಸಾಬರಿ ಬುಟ್ಟು ಇನ್ನೇನ್ ಮಾತಾಡರು?

ತುಂಬೆಹೂ
ಡೇರಿ ಮುಂದೆ ಕ್ಯಾನ್ ಹಿಡ್ಕೊಂಡು ನಿಂತವರ ಮಾತಿಗೂ ದಂಡ ಹಾಕೋಣ್ವಾ? ಕಟಿಂಗ್ ಶಾಪಿನ ಬೆಂಚಿಗೆ? ಅರಳಿಕಟ್ಟೆಗೆ?

ಎಣಿಕೆಗಾರ
ಈ ‘ಹೆಂಗಸರೇ ಜಾಸ್ತಿ’ ಅನ್ನೋದನ್ನ ಅಳತೆ ಮಾಡಿ ನೋಡಿದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಇಬ್ಬರು ಸಂಶೋಧಕರು 467 ಜನರಿಗೆ ಸಣ್ಣ ರೆಕಾರ್ಡರ್ ಕೊಟ್ಟು, ದಿನವಿಡೀ ಆಗಾಗ ತುಣುಕು ತುಣುಕಾಗಿ ಮಾತು ಹಿಡಿದರು. 2019ರಲ್ಲಿ ಫಲಿತಾಂಶ ಬಂತು. ಎದುರಿಗಿಲ್ಲದವರ ಬಗ್ಗೆ ಆಡಿದ್ದನ್ನೆಲ್ಲ ಗಾಸಿಪ್ ಅಂತ ಲೆಕ್ಕ ಹಿಡಿದರೆ ಒಬ್ಬರಿಗೆ ದಿನಕ್ಕೆ ಸರಾಸರಿ 52 ನಿಮಿಷ. ಅದರಲ್ಲಿ ಮುಕ್ಕಾಲು ಭಾಗ ಒಳ್ಳೇದೂ ಅಲ್ಲದ, ಕೆಟ್ಟದ್ದೂ ಅಲ್ಲದ ಬರೀ ಸಮಾಚಾರ: ಯಾರು ಊರಿಗೆ ಹೋದರು, ಯಾರಿಗೆ ಹುಷಾರಿಲ್ಲ ಅನ್ನೋ ಥರದ್ದು. ಉಳಿದದ್ದರಲ್ಲಿ ಹೊಗಳಿಕೆಗಿಂತ ತೆಗಳಿಕೆ ಸುಮಾರು ಎರಡು ಪಟ್ಟು. ಹೆಂಗಸರು ಸಮಾಚಾರದ ಮಾತು ಜಾಸ್ತಿ ಆಡಿದರು, ಆದರೆ ತೆಗಳಿಕೆಯಲ್ಲಿ ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಕಂಡಿದ್ದು ವಯಸ್ಸಿನಲ್ಲಿ. ಚಿಕ್ಕ ವಯಸ್ಸಿನವರದ್ದೇ ತೆಗಳಿಕೆ ಹೆಚ್ಚು. ಅಮೆರಿಕದ ಲೆಕ್ಕವನ್ನ ಹಾಗೇ ತಂದು ನಮ್ಮೂರಿಗೆ ಅಂಟಿಸೋಕೆ ಆಗಲ್ಲ, ಒಪ್ತೀನಿ. ಆದರೆ ಮಂಡ್ಯದ ಹೈದ ಅವರ ಮಾತಿಗೆ ಅಷ್ಟೂ ಆಧಾರ ಇಲ್ಲ.

ಮಂಡ್ಯದ ಹೈದ
ಸರಿ ಕಣಣ್ಣ, ಗಂಡುಸ್ರೂ ಆಡ್ತರೆ. ಆದ್ರೆ ಸಬೆಗೆ ಬಂದಿರಾದು ಉಳ್ತಾಯ ಕಟ್ಟಕ್ಕೆ ಅಲ್ವಾ?

ಲೆಕ್ಕದ ಪುಸ್ತಕ
ಉಳಿತಾಯ ಕಟ್ಟೋಕೆ ಮಾತ್ರ ಆಗಿದ್ದರೆ ಪೋಸ್ಟ್ ಆಫೀಸ್ ಆರ್‌ಡಿ ಸಾಕಿತ್ತಲ್ಲ. ಸಂಘ ಅನ್ನೋದು ಸಾಲ ಕೊಡೋ ಜಾಗ, ಅದೂ ಅಡಮಾನ ಇಲ್ಲದೆ. ಆ ಅಡಮಾನದ ಜಾಗದಲ್ಲಿ ನಿಂತಿರೋದೇ ‘ಒಬ್ಬರ ಮನೆ ಸ್ಥಿತಿ ಇನ್ನೊಬ್ಬರಿಗೆ ಗೊತ್ತು’ ಅನ್ನೋದು. ಈ ಪದ್ಧತಿ ಬೆಳೆದದ್ದೇ ಹಾಗೆ. 1980ರ ದಶಕದ ಮಧ್ಯದಲ್ಲಿ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದವರು ತಾವೇ ಸಣ್ಣ ಗುಂಪು ಕಟ್ಟಿಕೊಂಡರು. 1987ರಲ್ಲಿ ನಬಾರ್ಡ್ (ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಇಂಥ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳಿಗೆ ಪ್ರಯೋಗಕ್ಕೆ ಅಂತ ಬ್ಯಾಂಕ್ ಜೋಡಣೆ, ಅಂದ್ರೆ ಗುಂಪಿಗೆ ಬ್ಯಾಂಕಿಂದ ಸಾಲ ಕೊಡೋದು, ಶುರುವಾಯ್ತು. 10ರಿಂದ 20 ಜನ, ಅದಕ್ಕಿಂತ ಜಾಸ್ತಿ ಬೇಡ ಅಂದದ್ದಕ್ಕೆ ಕಾನೂನಿನ ಕಾರಣವೂ ಇತ್ತು, ಆಗ ಇಪ್ಪತ್ತು ದಾಟಿದರೆ ನೋಂದಣಿ ಬೇಕಿತ್ತು. ಆದರೆ ಇಪ್ಪತ್ತು ದಾಟಿದರೆ ಯಾರ ಮನೇಲಿ ಏನಾಗ್ತಿದೆ ಅಂತ ಎಲ್ಲರಿಗೂ ಗೊತ್ತಿರಲ್ಲ ಅನ್ನೋದೂ ಅಷ್ಟೇ ನಿಜ.

ಲೆಕ್ಕದಲ್ಲೇ ತೋರಿಸ್ತೀನಿ. ಒಂದು ಮನೆಯ ತಿಂಗಳ ಆದಾಯ 24,000 ಅಂದ್ಕೊಳ್ಳಿ. ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿಯಮದ ಪ್ರಕಾರ ಎಲ್ಲ ಸಾಲದ ಕಂತು ಸೇರಿ ಆದಾಯದ ಅರ್ಧ ದಾಟಬಾರದು, ಅಂದ್ರೆ 12,000. ಕ್ರೆಡಿಟ್ ಬ್ಯೂರೋ (ಯಾರಿಗೆ ಎಲ್ಲೆಲ್ಲಿ ಸಾಲ ಇದೆ ಅನ್ನೋ ದಾಖಲೆ) ತೆಗೆದು ನೋಡಿದರೆ ಎರಡು ಫೈನಾನ್ಸ್ ಸಾಲ, ಕಂತು 7,000. ಈಗ 50,000 ಸಾಲ ಕೇಳ್ತಿದ್ದಾರೆ, 20 ಕಂತು, ನೂರಕ್ಕೆ ಒಂದು ಬಡ್ಡಿ. ಮೊದಲ ತಿಂಗಳು ಅಸಲು 2,500, ಬಡ್ಡಿ 500. ಒಟ್ಟು 10,000. ಕಾಗದದ ಮೇಲೆ ಸರಿಯಾಗೇ ಇದೆ. ಆದರೆ ಸಂಘದಲ್ಲಿ ಎಲ್ಲರಿಗೂ ಗೊತ್ತು, ಆ ಮನೆಯವರು ಮಗಳ ಮದುವೆಗೆ ನೂರಕ್ಕೆ ಮೂರರ ಬಡ್ಡಿಗೆ ಒಂದು ಲಕ್ಷ ಕೈಸಾಲ ತಗೊಂಡಿದ್ದಾರೆ. ತಿಂಗಳಿಗೆ ಬಡ್ಡಿಯೇ 3,000, ಅಸಲು ಹಾಗೇ ನಿಂತಿರುತ್ತೆ. ಅಲ್ಲಿಗೆ 13,000 ಆಯ್ತು. ಕೈಸಾಲ ಯಾವ ಬ್ಯೂರೋದಲ್ಲೂ ಬರಲ್ಲ, ಬರೋದು ಬಾಯಿಮಾತಿನಲ್ಲಿ ಮಾತ್ರ. ನೀವು ಆ ಬಾಯಿಗೆ 50 ರೂಪಾಯಿ ದಂಡ ಹಾಕಿದರೆ ನಾಲ್ಕನೇ ತಿಂಗಳಿಗೆ ಕಂತು ಸುಸ್ತಿ ಬೀಳುತ್ತೆ, ಉಳಿದವರು ತುಂಬಿಕೊಡಬೇಕಾಗುತ್ತೆ.

ಗೊನೆಬಾಳೆ
ಇದೇ ನನಗೆ ಹೇಳೋಕೆ ಬರ್ತಿರಲಿಲ್ಲ. ಧನ್ಯವಾದ ಲೆಕ್ಕದ ಪುಸ್ತಕ ಅವರೆ.

ತುಂಬೆಹೂ
ಧನ್ಯವಾದ ಹೇಳೋ ಮುಂಚೆ ಇನ್ನೊಂದು ಮುಖಾನೂ ನೋಡಿ. ಅದೇ ಬಾಯಿ ‘ಆಕೆ ನಡತೆ ಸರಿಯಿಲ್ಲ’ ಅಂತಾನೂ ಹೇಳುತ್ತೆ. ಗಂಡ ತೀರಿಕೊಂಡವಳು, ಗಂಡನ್ನ ಬಿಟ್ಟು ಬಂದವಳು, ಬೇರೆ ಜಾತಿಯವನ ಜೊತೆ ಮದುವೆಯಾದವಳು, ಗಾರ್ಮೆಂಟ್ಸಿಗೆ ಹೋಗಿ ರಾತ್ರಿ ಎಂಟಕ್ಕೆ ಮನೆಗೆ ಬರೋಳು, ಇವರಿಗೆ ಸಾಲ ತಪ್ಪೋದು ಹೀಗೇ. ಕಂತು ಕಟ್ಟೋಕೂ ನಡತೆಗೂ ಏನು ಸಂಬಂಧ? ‘ಊರಿನ ಬಾಯಿ’ ಅನ್ನೋದು ಯಾವತ್ತೂ ಎಲ್ಲರ ಮೇಲೂ ಒಂದೇ ಸಮ ಬೀಳಲ್ಲ. ಕಷ್ಟದಲ್ಲಿರೋಳ ಮೇಲೆ ಬೀಳೋದಕ್ಕೂ ಜಮೀನ್ದಾರನ ಮೇಲೆ ಬೀಳೋದಕ್ಕೂ ತೂಕ ಬೇರೆ. ಅವನ ಬಗ್ಗೆ ಗುಸುಗುಸು ಮಾತಾಡ್ತಾರೆ, ಆದರೆ ನಾಳೆ ಅವನ ಮನೆಗೇ ಕೂಲಿಗೆ ಹೋಗ್ತಾರೆ.

ಜವಾರಿ ಮಾತು
ಖರೇ ಅದ ನೀವ್ ಅಂದದ್ದು. ಆದ್ರ ಅಕ್ಕಾರ, ಅದ ಜಮೀನ್ದಾರ ಕೂಲಿ ಮೋಸ ಮಾಡ್ತಾನಂತ ಕೂಲಿಯವ್ರಿಗೆ ಗೊತ್ತಾಗೋದು ಹೆಂಗ್ರಿ? ‘ಅವರ ಹೊಲಕ್ಕ ಹೋಗಬ್ಯಾಡ್ರಿ, ಶನಿವಾರ ಪಗಾರ ಅಂತಾರ, ಮೂರು ವಾರ ಓಡ್ಯಾಡಸ್ತಾರ’ ಅಂತ ಬಾಯಿಲೇನ ಹಬ್ಬತೈತಿ. ಬಡವರಿಗೆ ಪೇಪರ್ ಇಲ್ಲ, ವಕೀಲರಿಲ್ಲ. ಇರೋದು ಅದೊಂದ.

ತುಂಬೆಹೂ
ಇದನ್ನ ಒಪ್ತೀನಿ. ಕಬ್ಬು ಕಡಿಯೋ ಗುಂಪುಗಳಲ್ಲೂ ಮುಂಗಡ ಕೊಡೋ ಮೇಸ್ತ್ರಿ ಎಂಥವನು ಅಂತ ತಿಳಿಯೋದು ಹಾಗೇ.

ಪಾಠದ ಮೇಷ್ಟ್ರು
ನೀವಿಬ್ಬರು ಈಗ ಮಾಡ್ತಿರೋ ಜಗಳ ಮಾನವಶಾಸ್ತ್ರದಲ್ಲಿ ಅರವತ್ತು ವರ್ಷದ ಹಿಂದೇನೇ ಆಗಿದೆ. 1963ರಲ್ಲಿ ಮ್ಯಾಕ್ಸ್ ಗ್ಲಕ್‌ಮನ್ ಹೇಳಿದ್ದು: ಗಾಸಿಪ್ ಒಂದು ಗುಂಪಿನ ಒಗ್ಗಟ್ಟನ್ನ ಕಾಯುತ್ತೆ, ನಮ್ಮಲ್ಲಿ ಯಾವುದು ಸರಿ ಯಾವುದು ತಪ್ಪು ಅಂತ ಬಾಯಿಬಿಟ್ಟು ಕಾನೂನು ಮಾಡದೆಯೇ ನೆನಪಿಸುತ್ತಿರುತ್ತೆ, ಗುಂಪಿಗೆ ಸೇರದವನಿಗೆ ಆ ಮಾತಲ್ಲಿ ಪಾಲೇ ಇರಲ್ಲ. 1967ರಲ್ಲಿ ರಾಬರ್ಟ್ ಪೇನ್ ಅದಕ್ಕೆ ಎದುರು ನಿಂತು, ಗುಂಪು ಸುದ್ದಿ ಆಡಲ್ಲ, ಒಬ್ಬೊಬ್ಬ ಮನುಷ್ಯ ತನ್ನ ಲಾಭಕ್ಕೆ ಆಡ್ತಾನೆ ಅಂದ. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯಲ್ಲಿ 1948ರಲ್ಲಿ ಕೂತು ನೋಡಿದ್ದನ್ನ ಆಮೇಲೆ ಬರೆದಾಗ ಮುಖ ಉಳಿಸಿಕೊಳ್ಳೋದು, ಸ್ನೇಹ, ಹಗೆ, ಹೊಟ್ಟೆಕಿಚ್ಚು, ಇವುಗಳ ಸಾಲಿನಲ್ಲೇ ಊರಮಾತಿಗೂ ಜಾಗ ಕೊಟ್ಟರು. ಅದನ್ನ ಬೇರೆ ತೆಗೆದು ಕೆಟ್ಟ ಚಟ ಅಂತ ಮೂಲೆಗೆ ಸರಿಸಲಿಲ್ಲ. ನನ್ನ ಕೇಳಿದರೆ ಪೇನ್ ಹೇಳಿದ್ದು ಹೆಚ್ಚು ಉಪಯೋಗಕ್ಕೆ ಬರುತ್ತೆ: ಯಾವುದೇ ಸುದ್ದಿ ಬಂದಾಗ ‘ನಿಜವಾ’ ಅನ್ನೋಕೆ ಮುಂಚೆ ‘ಇದನ್ನ ಈಗ, ನನ್ನ ಹತ್ತಿರ ಹೇಳೋದರಿಂದ ಇವರಿಗೇನು ಸಿಗುತ್ತೆ’ ಅಂತ ನೋಡಬೇಕು.

ಎಣಿಕೆಗಾರ
ಮೇಷ್ಟ್ರೇ, ಬ್ರಿಟನ್ನಿನ ಸಂಶೋಧಕ ರಾಬಿನ್ ಡನ್‌ಬಾರ್ ಅವರನ್ನ ಬಿಟ್ಟುಬಿಟ್ರಿ. ಮಂಗಗಳು ಒಂದಕ್ಕೊಂದು ಹೇನು ನೋಡಿ ಸ್ನೇಹ ಉಳಿಸಿಕೊಳ್ಳೋ ಕೆಲಸವನ್ನ ಮನುಷ್ಯರಲ್ಲಿ ಮಾತು ಮಾಡುತ್ತೆ ಅಂದೋರು ಅವರೇ ಅಲ್ವಾ? 1990ರ ದಶಕದಲ್ಲಿ.

ಪಾಠದ ಮೇಷ್ಟ್ರು
ಹೌದು, 1996. ಜನ ಸಹಜವಾಗಿ ಆಡೋ ಮಾತಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಜನರ ಬಗ್ಗೇನೇ ಅಂತಾನೂ ಅವರ ಗುಂಪು ಎಣಿಸಿತ್ತು. ಆದರೆ ಸಂಘದ ದಂಡದ ಪ್ರಶ್ನೆಗೆ ಮಂಗದವರೆಗೆ ಹೋಗೋದು ಬೇಡ.

ಹಳೇಪೇಟೆ
ಒಬ್ಬ ಅಗಸನ ಮಾತಿಗೆ ರಾಮ ಸೀತೆಯನ್ನೇ ಕಾಡಿಗೆ ಕಳಿಸಿದ. ಊರಮಾತಿನ ಶಕ್ತಿ ಅಂದ್ರೆ ಅದು.

ಪಾಠದ ಮೇಷ್ಟ್ರು
ವಾಲ್ಮೀಕಿಯ ಉತ್ತರಕಾಂಡದಲ್ಲಿ ಅಗಸ ಇಲ್ಲ. ಭದ್ರ ಅನ್ನೋನು ರಾಮನ ಮುಂದೆ, ಬೀದಿಯಲ್ಲಿ ಅಂಗಡಿಯಲ್ಲಿ ಜನ ಹೀಗೆ ಆಡಿಕೊಳ್ತಿದ್ದಾರೆ ಅಂತ ವರದಿ ಮಾಡ್ತಾನೆ. ಅಗಸ ಬಂದದ್ದು ಆಮೇಲಿನ ಕಥೆಗಳಲ್ಲಿ. ಗಮನಿಸಿ, ಇಡೀ ಊರು ಆಡಿದ ಮಾತನ್ನ ಕೊನೆಗೆ ಕೆಳಜಾತಿಯ ಒಬ್ಬನ ಬಾಯಿಗೆ ಅಂಟಿಸಿದರು. ತುಂಬೆಹೂ ಹೇಳಿದ ‘ತೂಕ ಬೇರೆ’ ಅನ್ನೋದಕ್ಕೆ ಇದಕ್ಕಿಂತ ಹಳೇ ಉದಾಹರಣೆ ಬೇಕಾ?

ಹಳೇಪೇಟೆ
ಇದು ನನಗೆ ಹೊಸದು. ಅರ್ಥಶಾಸ್ತ್ರದಲ್ಲೂ ಬರುತ್ತಲ್ಲ, ಗೂಢಚಾರರು ಸಭೆ, ತೀರ್ಥಕ್ಷೇತ್ರಗಳಲ್ಲಿ ಜನ ಸೇರಿದ ಕಡೆ ಇಬ್ಬಿಬ್ಬರಾಗಿ ಸುಳ್ಳು ಜಗಳ ತೆಗೀಬೇಕು, ಒಬ್ಬ ರಾಜನ್ನ ಬೈಯಬೇಕು, ಇನ್ನೊಬ್ಬ ಹೊಗಳಬೇಕು, ಜನ ಏನು ಆಡಿಕೊಳ್ತಿದ್ದಾರೆ ತಿಳ್ಕೋಬೇಕು ಅಂತ.

ಜವಾರಿ ಮಾತು
ಈಗ ಇಲೆಕ್ಷನ್ ಟೈಮಿನಾಗ ಚಾದಂಗಡ್ಯಾಗ ಅದನ್ನ ಮಾಡ್ತಾರಲ್ರಿ!

ಚೀಟಿ ಲೆಕ್ಕ
ವಿಷಯಕ್ಕೆ ಬರೋಣ. ಊರಮಾತು ದುಡ್ಡಿನ ವ್ಯವಹಾರವನ್ನ ಹೇಗೆ ಕಾಯುತ್ತೆ, ಹೇಗೆ ಕೆಡಿಸುತ್ತೆ ಅಂತ ನೋಡೋಕೆ ಸಂಘಕ್ಕಿಂತ ಕೈಚೀಟಿ ಚೆನ್ನಾಗಿ ಅರ್ಥವಾಗುತ್ತೆ. 20 ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ, 20 ತಿಂಗಳು. ಕೂಗಿನಲ್ಲಿ (ತಿಂಗಳ ಹರಾಜಿನಲ್ಲಿ) ಒಬ್ಬರು 25,000 ಬಿಟ್ಟು 75,000ಕ್ಕೆ ಎತ್ತಿದರು ಅನ್ನಿ. ಆ 25,000ದಲ್ಲಿ ನಡೆಸೋರ ಕಮಿಷನ್ 5,000 ಹೋದರೆ ಉಳಿದ 20,000 ಇಪ್ಪತ್ತು ಜನಕ್ಕೆ ಸಾವಿರದ ಹಾಗೆ ಹಂಚಿಕೆ. ಆ ತಿಂಗಳು ಎಲ್ಲರೂ ಕಟ್ಟೋದು 4,000. (ನೋಂದಾಯಿತ ಚೀಟಿಯಲ್ಲಿ ಕಮಿಷನ್ ಮಿತಿ 2019ರ ತಿದ್ದುಪಡಿಯ ನಂತರ ಶೇ. 7, ಮುಂಚೆ 5 ಇತ್ತು.)

ಕಾಯೋದು ಹೇಗೆ: ಮೊದಲ ಎರಡು ಮೂರು ತಿಂಗಳಲ್ಲೇ ಒಬ್ಬರು 40,000 ಬಿಟ್ಟು ಎತ್ತೋಕೆ ನಿಂತರೆ ಉಳಿದವರು ಮುಖ ಮುಖ ನೋಡ್ತಾರೆ. ಅಷ್ಟು ನಷ್ಟಕ್ಕೆ ಎತ್ತೋ ಅರ್ಜೆಂಟು ಏನು? ಆವತ್ತು ಸಂಜೆ ನಡೆಯೋ ಮಾತುಕತೆಯಲ್ಲಿ ಅಂಗಡಿ ಬಾಡಿಗೆ ಬಾಕಿ ಇದೆಯಂತೆ, ಇನ್ನೆರಡು ಕಡೆ ಚೀಟಿ ಎತ್ತಿ ಕಟ್ಟಿಲ್ಲವಂತೆ ಅನ್ನೋದೆಲ್ಲ ಹೊರಗೆ ಬರುತ್ತೆ. ನಡೆಸೋರು ಗಟ್ಟಿಗರಾಗಿದ್ದರೆ ದುಡ್ಡು ಕೊಡೋ ಮುಂಚೆ ಇಬ್ಬರ ಜಾಮೀನು ಕೇಳ್ತಾರೆ.

ಕೆಡಿಸೋದು ಹೇಗೆ: ಹತ್ತನೇ ತಿಂಗಳ ಹೊತ್ತಿಗೆ ಒಂಬತ್ತು ಜನ ಎತ್ತಿದ್ದಾರೆ, ಹನ್ನೊಂದು ಜನ ಎತ್ತಿಲ್ಲ. ‘ಚೀಟಿಯಮ್ಮ ಸೈಟ್ ಮಾರೋಕಿಟ್ಟಿದಾರಂತೆ, ಊರು ಬಿಡ್ತಾರಂತೆ’ ಅಂತ ಒಂದು ಮಾತು ಹುಟ್ಟುತ್ತೆ. ಎತ್ತದ ಹನ್ನೊಂದರಲ್ಲಿ ಆರು ಜನ ಆ ತಿಂಗಳು ದುಡ್ಡು ಹಿಡೀತಾರೆ. ತಲಾ 4,000 ಅಂದ್ರೂ 24,000 ಖೋತಾ. ಆ ತಿಂಗಳು ಎತ್ತಿದವರಿಗೆ ಕೊಡೋದು ತಡವಾಗುತ್ತೆ. ‘ನಾವು ಹೇಳಿರ್ಲಿಲ್ವಾ’ ಅಂತ ಉಳಿದವರೂ ನಿಲ್ಲಿಸ್ತಾರೆ. ಆಕೆ ಓಡಿಹೋಗೋ ಯೋಚನೆಯನ್ನೇ ಮಾಡಿರದಿದ್ದರೂ ಈಗ ಓಡಿಹೋಗೋ ಸ್ಥಿತಿ ಬಂತು. ಸುಳ್ಳು ಸುದ್ದಿ ತನ್ನನ್ನ ತಾನೇ ನಿಜ ಮಾಡಿಕೊಂಡಿತು.

ಗೊನೆಬಾಳೆ
ಅಂಥ ಹೊತ್ತಲ್ಲಿ ಏನು ಮಾಡಬೇಕು? ಸಂಘದಲ್ಲೂ ‘ಪ್ರತಿನಿಧಿ ದುಡ್ಡು ತಿಂದಿದ್ದಾಳೆ’ ಅನ್ನೋ ಮಾತು ಆಗಾಗ ಏಳುತ್ತೆ.

ಚೀಟಿ ಲೆಕ್ಕ
ಮಾಡಬಾರದ್ದು ಮೊದಲು: ಗ್ರೂಪಿಗೆ ‘ನನ್ನ ಬಗ್ಗೆ ಹಬ್ಬಿರೋ ವದಂತಿ ನಂಬಬೇಡಿ’ ಅಂತ ಮೆಸೇಜ್ ಹಾಕೋದು. ಕೇಳದೇ ಇದ್ದವರಿಗೂ ಆಗ ಗೊತ್ತಾಗುತ್ತೆ. ಯಾರು ಹೇಳಿದ್ದು ಅಂತ ಮನೆ ಮನೆಗೆ ಹೋಗಿ ಜಗಳ ತೆಗೆಯೋದೂ ಅಷ್ಟೇ ಕೆಟ್ಟದ್ದು. ಮಾಡಬೇಕಾದ್ದು: ಮರುದಿನದೊಳಗೆ ಎಲ್ಲರನ್ನೂ ಕೂರಿಸಿ, ಪುಸ್ತಕ ಬಿಚ್ಚಿ, ಯಾವ ತಿಂಗಳು ಯಾರು ಎತ್ತಿದರು, ಯಾರದ್ದೆಷ್ಟು ಬಾಕಿ ಅಂತ ಗಟ್ಟಿಯಾಗಿ ಓದಿಸಬೇಕು. ಓದೋರು ನಡೆಸೋರಾಗಿರಬಾರದು. ಬ್ಯಾಂಕ್ ಪಾಸ್‌ಬುಕ್ಕಿಗೆ ಆವತ್ತೇ ಎಂಟ್ರಿ ಹಾಕಿಸಿ ಮಧ್ಯೆ ಇಡಬೇಕು. ಎರಡು ದಿನ ತಡ ಮಾಡಿದರೆ ಆಮೇಲೆ ಯಾವ ಪುಸ್ತಕ ತೋರಿಸಿದರೂ ‘ಇಷ್ಟರೊಳಗೆ ತಿದ್ದಿಕೊಂಡ್ರು’ ಅಂತಾರೆ.

ಲೆಕ್ಕದ ಪುಸ್ತಕ
ಇದು ನೂರಕ್ಕೆ ನೂರು ಸರಿ. ಸಂಘದ ಪುಸ್ತಕಗಳನ್ನ ಬೀರುವಲ್ಲಿಟ್ಟು ಬೀಗ ಹಾಕಿದ ಕಡೆಯೆಲ್ಲ ಗುಸುಗುಸು ಜಾಸ್ತಿ. ಪುಸ್ತಕ ಬರೆಯೋರು ಪ್ರತಿ ಸಭೆಯ ಕೊನೆಗೆ ಕೈಲಿರೋ ನಗದು, ಬ್ಯಾಂಕಲ್ಲಿರೋದು, ಹೊರಗಿರೋ ಸಾಲ ಈ ಮೂರು ಅಂಕಿ ಓದಿದರೆ ಸಾಕು, ಎರಡು ನಿಮಿಷದ ಕೆಲಸ.

ಕಪ್ಪುಕೋಟು
ಕಾನೂನಿನ ಮಾತು. ಮಾನನಷ್ಟಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, 2024ರ ಜುಲೈ 1ರಿಂದ ಜಾರಿ. ಹಿಂದೆ ಐಪಿಸಿ 499, 500. ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಅಥವಾ ಸಮುದಾಯ ಸೇವೆ. ಬಾಯಲ್ಲಿ ಆಡಿದ್ದೂ ಸೇರುತ್ತೆ, ವಾಟ್ಸಾಪ್‌ನಲ್ಲಿ ಬರೆದದ್ದೂ ಸೇರುತ್ತೆ. ಪೊಲೀಸರು ನೇರವಾಗಿ ಕೇಸ್ ಹಾಕೋಕೆ ಬರಲ್ಲ, ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು.

‘ನಿಜಾನೇ ಹೇಳಿದೆ, ತಪ್ಪೇನು’ ಅಂತ ಜನ ಕೇಳ್ತಾರೆ. ಕ್ರಿಮಿನಲ್ ಕೇಸಲ್ಲಿ ನಿಜ ಅನ್ನೋದಷ್ಟೇ ಸಾಲದು, ಅದನ್ನ ಹೇಳಿದ್ದು ಸಾರ್ವಜನಿಕ ಹಿತಕ್ಕೆ ಅಂತಾನೂ ತೋರಿಸಬೇಕು. ನಿಮಗೆ ಬೇಕಾದ್ದು ಹತ್ತು ವಿನಾಯಿತಿಗಳಲ್ಲಿ ಕೊನೆಯ ಎರಡು. ಒಂಬತ್ತನೆಯದು, ತನ್ನ ಅಥವಾ ಇನ್ನೊಬ್ಬರ ಹಿತ ಕಾಯೋಕೆ ಸದ್ಭಾವನೆಯಿಂದ ಹೇಳಿದ ಮಾತು. ಹತ್ತನೆಯದು, ಕೇಳಿಸಿಕೊಳ್ಳೋರ ಒಳ್ಳೇದಕ್ಕೆ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ. ಸಾಲ ಕೊಡೋ ಮುಂಚೆ ‘ಇವರಿಗೆ ಕೈಸಾಲ ಇದೆ’ ಅನ್ನೋದು, ಹೆಣ್ಣು ಕೊಡೋ ಮುಂಚೆ ವಿಚಾರಿಸಿದವರಿಗೆ ‘ಹುಡುಗನಿಗೆ ಈಗಾಗಲೇ ಒಂದು ಮದುವೆ ಆಗಿದೆ’ ಅನ್ನೋದು ಇದರೊಳಗೆ ಬರಬಹುದು. ಆದರೆ ಕಾನೂನಲ್ಲಿ ಸದ್ಭಾವನೆ ಅಂದ್ರೆ ಮನಸ್ಸು ಒಳ್ಳೇದಿತ್ತು ಅಂತಲ್ಲ. ತಕ್ಕ ಎಚ್ಚರಿಕೆ ವಹಿಸಿ, ವಿಚಾರಿಸಿ ಹೇಳಿದ್ದು ಅಂತ. ಯಾರೋ ಅಂದ್ರು ಅಂತ ಹಾಗೇ ದಾಟಿಸಿದರೆ ಈ ರಕ್ಷಣೆ ಸಿಗೋದು ಕಷ್ಟ. ಮತ್ತೆ, ಬೇಕಾದವರಿಗೆ ಮಾತ್ರ ಹೇಳಬೇಕು. ಹೆಣ್ಣಿನ ಅಪ್ಪನಿಗೆ ಹೇಳೋದು ಬೇರೆ, 200 ಜನರ ಗ್ರೂಪಿಗೆ ಹಾಕೋದು ಬೇರೆ.

ಮಂಡ್ಯದ ಹೈದ
ಸಂಬಂದ ಕೇಳ್ಕಂಡ್ ಬಂದಾಗ ಒಳ್ಳೆ ಮಾತೂ ಹೇಳ್ದೆ ಕೆಟ್ಟದ್ದೂ ಹೇಳ್ದೆ ‘ನಮ್ಗೇನ್ ಗೊತ್ತಿಲ್ಲ ಕಣಪ್ಪ’ ಅಂದ್ರೆ ಅದ್ರಲ್ಲೇ ಅರ್ತ ಮಾಡ್ಕತರೆ.

ಜವಾರಿ ಮಾತು
ಹೌದ್ರಿ. ಛಲೋ ಮನಿತನ ಆದ್ರ ಕೇಳೂದ್ರಾಗ ಹೇಳ್ತಾರ. ಸುಮ್ಮನಾದ್ರ ಏನೋ ಐತಿ ಅಂತ. ಅದಕ್ಕ ಒಬ್ಬರ ಕಡೆ ಅಷ್ಟ ಕೇಳಬಾರದು. ಕಿರಾಣಿ ಅಂಗಡಿಯವ (ಉದ್ರಿ ಲೆಕ್ಕ ಅವನ ಕಡೆ ಇರತೈತಿ), ಬಾಜೂ ಹೊಲದವ, ಹುಡುಗ ಕೆಲಸ ಮಾಡೋ ಕಡಿಯವ್ರು, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಮೂರು ಮಂದಿನ್ನ ಕೇಳಬೇಕು. ಮೂವರೂ ಒಬ್ಬನ ಬಾಯಿಂದನ ಕೇಳಿದ್ರ ಅದು ಮೂರಲ್ಲ, ಒಂದ.

ಎಣಿಕೆಗಾರ
ಇದು ಬಹಳ ಮುಖ್ಯ. ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರು 1947ರಲ್ಲಿ ತೋರಿಸಿದ್ದು: ಒಂದು ವಿವರಣೆ ಐದಾರು ಬಾಯಿ ದಾಟೋದ್ರೊಳಗೆ ಸುಮಾರು 70 ಶೇಕಡಾ ವಿವರ ಉದುರಿಹೋಗುತ್ತೆ. ಉಳಿದದ್ದು ಚೂಪಾಗುತ್ತೆ, ಕೇಳೋರು ಮೊದಲೇ ನಂಬಿದ್ದಕ್ಕೆ ಹೊಂದಿಕೊಳ್ಳುತ್ತೆ. ‘ಬಹುಶಃ’, ‘ಅನ್ನಿಸುತ್ತೆ’, ‘ಹೋದ ವರ್ಷ’ ಇಂಥವೂ ಉದುರಬಹುದು. ‘ಹೋದ ವರ್ಷ ಒಂದು ಕಂತು ತಡ ಮಾಡಿದ್ಲು ಅನ್ನಿಸುತ್ತೆ’ ಅನ್ನೋದು ‘ಅವಳು ಕಂತೇ ಕಟ್ಟಲ್ಲ’ ಆಗುತ್ತೆ.

ಹಳೇಪೇಟೆ
ಬೆಂಗಳೂರಲ್ಲಿ 90ರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದದ್ದು ನೆನಪಿದೆಯಾ ಯಾರಿಗಾದರೂ? ರಾತ್ರಿ ದೆವ್ವ ಬಂದು ಪರಿಚಯದವರ ದನಿಯಲ್ಲಿ ಕರೆಯುತ್ತೆ ಅಂತ. ವಾಟ್ಸಾಪ್ ಇಲ್ಲ, ಮೊಬೈಲ್ ಇಲ್ಲ, ಆದ್ರೂ ಎಲ್ಲೆಲ್ಲೋ ಹಬ್ಬಿತ್ತು.

ಎಣಿಕೆಗಾರ
ಅದರಲ್ಲಿ ಪಾಲಿಸೋಕೆ ಸುಲಭವಾದ ಒಂದು ಕೆಲಸ ಇತ್ತು: ಸೀಮೆಸುಣ್ಣದಲ್ಲಿ ಎರಡು ಪದ ಬರೆಯೋದು. ಖರ್ಚಿಲ್ಲ, ಮತ್ತು ದಾರೀಲಿ ಹೋಗೋರಿಗೆಲ್ಲ ಕಾಣುತ್ತೆ. ಕೇಳದವರೂ ನೋಡಿ ಕೇಳ್ತಾರೆ. ಅದು ಯಾರಿಗೂ ಹಾನಿ ಮಾಡಲಿಲ್ಲ. 2012ರ ಆಗಸ್ಟಿನದ್ದು ಹಾಗಲ್ಲ. ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ ಅನ್ನೋ ಸುಳ್ಳು ಎಸ್ಸೆಮ್ಮೆಸ್‌ಗಳಿಗೆ ಸಾವಿರಾರು ಜನ ಬೆಂಗಳೂರು ಬಿಟ್ಟರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯ್ತು, ಕೇಂದ್ರ ಸರ್ಕಾರ ಒಂದೇ ಸಲ ಐದಕ್ಕಿಂತ ಹೆಚ್ಚು ಜನಕ್ಕೆ ಸಂದೇಶ ಹೋಗದ ಹಾಗೆ 15 ದಿನ ತಡೆ ಹಾಕಿತು. 2018ರ ಮಕ್ಕಳ ಕಳ್ಳರ ಸುದ್ದಿಯಲ್ಲಂತೂ ನಮ್ಮ ರಾಜ್ಯದಲ್ಲೂ ಜೀವ ಹೋದವು. ಆ ಜುಲೈನಲ್ಲೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನ ಐದಕ್ಕೆ ಇಳಿಸಿದ್ದು.

ತುಂಬೆಹೂ
ವ್ಯತ್ಯಾಸ ಅಲ್ಲೇ ಇರೋದು. ನೀರಿನ ನಲ್ಲಿ ಹತ್ತಿರ ಆಡಿದ ಮಾತಿಗೆ ಆಡಿದವಳು ಯಾರು ಅಂತ ಗೊತ್ತು. ಸುಳ್ಳಾದರೆ ನಾಳೆ ಅದೇ ನಲ್ಲಿಗೆ ಅವಳು ಬಿಂದಿಗೆ ತರಬೇಕು, ಎಲ್ಲರ ಮುಖ ನೋಡಬೇಕು. ಫಾರ್ವರ್ಡಿಗೆ ಮುಖ ಇಲ್ಲ. ಸಂಘದಲ್ಲಿ ತಡೀಬೇಕಾದ್ದು ಮಾತನ್ನಲ್ಲ, ‘ಯಾರೋ ಅಂದ್ರು’ ಅನ್ನೋದನ್ನ.

ಲೆಕ್ಕದ ಪುಸ್ತಕ
ಹಾಗಾದ್ರೆ ನಿಯಮವನ್ನ ಹೀಗೆ ತಿರುಗಿಸಿ ಬರೆಯಬಹುದು. ಸಾಲದ ಅರ್ಜಿ ಬಂದಾಗ ಮಾತ್ರ ಆ ಮನೆಯ ವಿಷಯ ಮಾತಾಡೋದು, ಅದೂ ಅರ್ಜಿ ಹಾಕಿದವರು ಎದುರಿಗಿದ್ದಾಗ. ಕೇಳೋದು ನಾಲ್ಕೇ: ಯಾತಕ್ಕೆ, ಎಷ್ಟು ಕಂತು, ಬೇರೆ ಸಾಲ ಏನೇನಿದೆ (ಕೈಸಾಲ, ಚಿನ್ನದ ಸಾಲ ಸೇರಿ), ಆದಾಯ ಯಾವ ತಿಂಗಳು ಬರುತ್ತೆ. ಈ ನಾಲ್ಕರ ಹೊರಗಿನದ್ದು, ಅಂದ್ರೆ ಗಂಡ, ಜಾತಿ, ನಡತೆ, ಮಕ್ಕಳ ಪ್ರೀತಿ ಪ್ರೇಮ, ಯಾವುದೂ ನಡಾವಳಿಗೆ ಬರಲ್ಲ.

ಜವಾರಿ ಮಾತು
ಎದುರಿಗೆ ಯಾರೂ ಬಾಯಿ ಬಿಡಂಗಿಲ್ರಿ. ‘ನಿನಗ ಕೈಸಾಲ ಐತಿ’ ಅಂತ ಮಕ ನೋಡಿ ಹೇಳಿದ್ರ ನಾಳಿಂದ ಮಾತ ಬಂದ್. ನಮ್ಮ ಕಡೆ ಅಂತೂ ಆಗಾಂಗಿಲ್ಲ.

ಲೆಕ್ಕದ ಪುಸ್ತಕ
ಅದಕ್ಕೇ ಎಲ್ಲರಿಗೂ ಅದೇ ನಾಲ್ಕು ಪ್ರಶ್ನೆ, ಅದೇ ಕ್ರಮದಲ್ಲಿ, ಪ್ರತಿನಿಧಿಗಳಿಗೂ ಸೇರಿ. ಎಲ್ಲರಿಗೂ ಕೇಳಿದರೆ ಯಾರನ್ನೂ ಬೊಟ್ಟು ಮಾಡಿ ಕೇಳಿದ ಹಾಗಾಗಲ್ಲ. ಕೈಸಾಲ ಇದ್ದವರು ತಾವೇ ಹೇಳ್ತಾರೆ, ಯಾಕಂದ್ರೆ ಸುತ್ತ ಕೂತವರಿಗೆ ಗೊತ್ತಿದೆ ಅಂತ ಅವರಿಗೂ ಗೊತ್ತು. ಕೂತವರು ಬಾಯಿ ಬಿಡೋ ಅಗತ್ಯವೇ ಬೀಳಲ್ಲ.

ತುಂಬೆಹೂ
ಇದು ಒಪ್ಪಿಗೆ. ಆದರೆ ಸಾಲ ಇಲ್ಲ ಅಂದಾಗ ಕಾರಣವನ್ನ ಅಂಕಿಯಲ್ಲಿ ಬರೀಬೇಕು: ಆದಾಯ ಇಷ್ಟು, ಕಂತು ಇಷ್ಟು, ಮಿತಿ ದಾಟುತ್ತೆ ಅಂತ. ‘ಸದಸ್ಯರ ಅಭಿಪ್ರಾಯದಂತೆ ತಿರಸ್ಕರಿಸಲಾಗಿದೆ’ ಅಂತ ಬರೆದರೆ ಅದರ ಹಿಂದೆ ನಡತೆಯ ಮಾತು ಬಚ್ಚಿಟ್ಟುಕೊಳ್ಳುತ್ತೆ.

ಗೊನೆಬಾಳೆ
ಸರಿ, ಮುಂದಿನ ಸಭೆಗೆ ಈ ಕರಡು ಒಯ್ಯಬಹುದಾ ನೋಡಿ:
‘ಸಾಲದ ಅರ್ಜಿ ಹಾಕಿದ ಸದಸ್ಯೆ ಹಾಜರಿದ್ದಾಗ ಮಾತ್ರ ಅವರ ಮನೆಯ ಹಣಕಾಸಿನ ವಿಷಯ ಚರ್ಚಿಸುವುದು. ನಾಲ್ಕು ಪ್ರಶ್ನೆಗಳನ್ನು ಎಲ್ಲರಿಗೂ ಕೇಳುವುದು. ತಿರಸ್ಕರಿಸಿದರೆ ಕಾರಣವನ್ನು ಅಂಕಿಯಲ್ಲಿ ಬರೆಯುವುದು. ಸಭೆಯ ಕೊನೆಗೆ ನಗದು, ಬ್ಯಾಂಕ್, ಹೊರಗಿನ ಸಾಲ ಓದುವುದು. ಸಭೆಯಲ್ಲಿ ಕೇಳಿದ್ದನ್ನು ವಾಟ್ಸಾಪ್ ಗುಂಪಿಗೆ ಹಾಕಿದವರಿಗೆ 50 ರೂ. ದಂಡ.’

ಕಪ್ಪುಕೋಟು
ಕೊನೆ ಸಾಲಿಗೆ ‘ಫೋಟೋ ತೆಗೆದು’ ಅಂತಾನೂ ಸೇರಿಸಿ. ಈಗ ನಡಾವಳಿ ಪುಸ್ತಕದ ಪುಟವೇ ಫೋಟೋ ಆಗಿ ಹೋಗೋದು. ಮತ್ತೆ ಎಲ್ಲ ಸದಸ್ಯರ ಸಹಿ ಬೇಕು, ಇಬ್ಬರು ಪ್ರತಿನಿಧಿಗಳದ್ದಷ್ಟೇ ಸಾಲದು.

ಮಂಡ್ಯದ ಹೈದ
ಸಬೆ ಮುಗುದ್ ಮ್ಯಾಲೆ ಜಗಲಿ ಮ್ಯಾಲ್ ಕೂತ್ಕಂಡ್ ಆಡೋದಕ್ಕೆ?

ತುಂಬೆಹೂ
ಅದಕ್ಕೆ ದಂಡ ಇಲ್ಲ. ಅದು ಅವರ ಸಮಯ.